ವೆದರ್ ರಿಪೋರ್ಟ್ ತಂಡದ ‘ಮಿಸ್ಟರ್ ಗಾನ್’: ಕೇಳುಗರ ಅಭಿಪ್ರಾಯಗಳಿಗೆ ಒಂದು ಪ್ರತಿಕ್ರಿಯೆ

ಮಾನ್ಯ ಸಂಪಾದಕರಿಗೆ,

ಜಾಝ್ ಅನ್ನು ರಾಕ್ ಮುಂತಾದ ಸಂಗೀತದೊಂದಿಗೆ ವಿದ್ಯುತ್ ವಾದ್ಯಗಳಲ್ಲಿ ಬೆಸೆದ, ಅಮೆರಿಕದ ಎಲೆಕ್ಟ್ರಿಕ್ ಜಾಝ್ ಫ್ಯೂಷನ್ ತಂಡ ವೆದರ್ ರಿಪೋರ್ಟ್ 1978ರಲ್ಲಿ ಹೊರತಂದ ‘ಮಿಸ್ಟರ್ ಗಾನ್’ ಆಲ್ಬಂ ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಪ್ರಕಟವಾದ ಕೇಳುಗರ ಅಭಿಪ್ರಾಯಗಳನ್ನು ಆಸಕ್ತಿಯಿಂದ ಓದಿದೆ. ಕನ್ನಡದ ದಿನಪತ್ರಿಕೆಯೊಂದು ಮಾತಿಲ್ಲದ, ಸುಲಭವಾಗಿ ಮನಸ್ಸಿಗೆ ಹತ್ತದ ಇಂಥ ಸಂಗೀತಕ್ಕೆ ಪುಟ ಬಿಟ್ಟುಕೊಟ್ಟಿರುವುದಕ್ಕೆ ಮೊದಲು ಕೃತಜ್ಞತೆ ಹೇಳಬೇಕು. ಆದರೆ ಓದಿ ಮುಗಿಸಿದ ಮೇಲೆ ಒಂದು ಅಸಮಾಧಾನ ಉಳಿಯಿತು. ಅಭಿಪ್ರಾಯ ಬರೆದವರಲ್ಲಿ ಹೆಚ್ಚಿನವರು ಆಲ್ಬಂ ಚೆನ್ನಾಗಿಲ್ಲ ಎಂದಿದ್ದಾರೆ, ಕೆಲವರು ಅದ್ಭುತ ಎಂದಿದ್ದಾರೆ. ಯಾವ ರಚನೆಯ ಯಾವ ಭಾಗ ತಮಗೆ ಹಾಗೆ ಅನ್ನಿಸಿತು ಎಂಬುದನ್ನು ಹೇಳಿದವರು ತೀರಾ ಕಡಿಮೆ. ಆಲ್ಬಂನಲ್ಲಿ ಎಂಟು ರಚನೆಗಳಿವೆ. ಅವುಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಯಾದವು ಇವೆ, ತೀರಾ ಸೊಗಸಾದವು ಇವೆ, ಸೋತವೂ ಇವೆ. ಎಂಟಕ್ಕೂ ಸೇರಿಸಿ ಒಂದೇ ತೀರ್ಪು ಕೊಡುವುದು ನ್ಯಾಯವಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕವೇ ಹೇಳಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಆಲ್ಬಂ ಬಗೆಗಿನ ಮಾತು ಎಲ್ಲಿಂದ ಆರಂಭವಾಯಿತು ಎಂಬುದನ್ನು ನೆನಪಿಸಿಕೊಂಡರೆ, ಇಂದಿನ ಅಭಿಪ್ರಾಯಗಳ ಬೇರು ಎಲ್ಲಿದೆ ಎಂಬುದೂ ತಿಳಿಯುತ್ತದೆ. ಚಿಕಾಗೋದಲ್ಲಿ 1934ರಲ್ಲಿ ಶುರುವಾದ ‘ಡೌನ್‌ಬೀಟ್’ ಪತ್ರಿಕೆ ಜಾಝ್ ಲೋಕದಲ್ಲಿ ಬಹಳ ಕಾಲದಿಂದ ಗೌರವ ಪಡೆದಿರುವ ಪತ್ರಿಕೆ. ಅದು ಆಲ್ಬಂಗಳಿಗೆ ಐದರವರೆಗೆ ನಕ್ಷತ್ರಗಳನ್ನು ಕೊಡುತ್ತದೆ. ವೆದರ್ ರಿಪೋರ್ಟ್ ತಂಡದ 1977ರ ‘ಹೆವಿ ವೆದರ್’ ಆಲ್ಬಂಗೆ ಅದು ಐದೂ ನಕ್ಷತ್ರಗಳನ್ನು ಕೊಟ್ಟಿತು. ಪತ್ರಿಕೆಯ ಓದುಗರೂ ತಮ್ಮ ಮತದಾನದಲ್ಲಿ ಅದನ್ನೇ ವರ್ಷದ ಜಾಝ್ ಆಲ್ಬಂ ಎಂದು ಆರಿಸಿದರು. ಮರುವರ್ಷ ಬಂದ ‘ಮಿಸ್ಟರ್ ಗಾನ್’ಗೆ ಅದೇ ಪತ್ರಿಕೆ ಕೊಟ್ಟದ್ದು ಒಂದೇ ನಕ್ಷತ್ರ. ಅದೇ ತಂಡ, ಅದೇ ಮೂವರು ಮುಖ್ಯ ಕಲಾವಿದರು, ನಡುವೆ ಒಂದೂವರೆ ವರ್ಷದ ಅಂತರ. ಐದರಿಂದ ಒಂದಕ್ಕೆ ಇಳಿದ ಆ ಅಂಕಿ ಎಷ್ಟು ಪ್ರಸಿದ್ಧವಾಯಿತೆಂದರೆ, ಆಲ್ಬಂ ಕೇಳದವರಿಗೂ ಅದರ ಒಂದು ನಕ್ಷತ್ರದ ಕಥೆ ಗೊತ್ತಿದೆ. ಕೇಳುವವರು ಸೂಜಿಯನ್ನು ತಟ್ಟೆಯ ಮೇಲಿಡುವ ಮೊದಲೇ, ಇದು ಸೋತ ಆಲ್ಬಂ ಎಂಬ ಮಾತು ಅವರ ಕಿವಿಯಲ್ಲಿ ಕೂತಿರುತ್ತದೆ. ತಮ್ಮ ಪುರವಣಿಯಲ್ಲಿ ಬಂದ ಅಭಿಪ್ರಾಯಗಳಲ್ಲೂ ಆ ಹಳೆಯ ತೀರ್ಪಿನ ಛಾಯೆ ನನಗೆ ಸ್ಪಷ್ಟವಾಗಿ ಕಂಡಿತು.

ಆ ಪ್ರಕರಣದ ಇನ್ನೊಂದು ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಒಂದು ನಕ್ಷತ್ರ ಕೊಟ್ಟ ಕೆಲವೇ ತಿಂಗಳಲ್ಲಿ, 1979ರ ಆರಂಭದಲ್ಲಿ, ‘ಡೌನ್‌ಬೀಟ್’ ಪತ್ರಿಕೆ ವೆದರ್ ರಿಪೋರ್ಟ್ ತಂಡದವರನ್ನು ಮಾತಾಡಿಸಿ ಅವರ ಉತ್ತರವನ್ನು ದೀರ್ಘ ಸಂದರ್ಶನವಾಗಿ ಪ್ರಕಟಿಸಿತು. ತನ್ನ ವಿಮರ್ಶೆಗೆ ಎದುರು ಮಾತು ಕೇಳುವ ಸೌಜನ್ಯ ಆ ಪತ್ರಿಕೆಗಿತ್ತು. ನಾನು ತಮ್ಮಿಂದ ಬಯಸುವುದೂ ಅಂಥದ್ದೇ ಅವಕಾಶವನ್ನು.

ಪ್ರಕಟವಾದ ಅಭಿಪ್ರಾಯಗಳಲ್ಲಿ ಪದೇ ಪದೇ ಬಂದಿರುವ ದೂರು ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಅವರ ಕುರಿತಾದದ್ದು. ಈ ಆಲ್ಬಂನಲ್ಲಿ ಅವರು ಕಾಣೆಯಾಗಿದ್ದಾರೆ, ಕೀಬೋರ್ಡ್ ವಾದಕ ಜೋ ಜಾವಿನುಲ್ ಎಲ್ಲವನ್ನೂ ಆವರಿಸಿಕೊಂಡಿದ್ದಾರೆ ಎಂಬುದು ಆ ದೂರಿನ ಸಾರ. ಇದನ್ನು ಹೇಳುವಾಗ ಎಲ್ಲರೂ ‘ಹೆವಿ ವೆದರ್’ ಆಲ್ಬಂ ಅನ್ನು ಅಳತೆಗೋಲಾಗಿ ಹಿಡಿಯುತ್ತಾರೆ. ಹಾಗಿದ್ದರೆ ಎರಡೂ ಆಲ್ಬಂಗಳ ರಚನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ‘ಹೆವಿ ವೆದರ್’ನಲ್ಲಿ ಶಾರ್ಟರ್ ಅವರ ರಚನೆಗಳು ಎರಡು: ‘ಹಾರ್ಲೆಕ್ವಿನ್’ ಮತ್ತು ‘ಪಲೇಡಿಯಂ’. ‘ಮಿಸ್ಟರ್ ಗಾನ್’ನಲ್ಲೂ ಎರಡು: ‘ದಿ ಎಲ್ಡರ್ಸ್’ ಮತ್ತು ‘ಪಿನೋಕಿಯೊ’. ಬಾಸ್ ಗಿಟಾರ್ ವಾದಕ ಜಾಕೊ ಪಾಸ್ಟೋರಿಯಸ್ ಅವರದ್ದು ಅಲ್ಲಿ ‘ಟೀನ್ ಟೌನ್’ ಮತ್ತು ‘ಹವೋನ’, ಇಲ್ಲಿ ‘ರಿವರ್ ಪೀಪಲ್’ ಮತ್ತು ‘ಪಂಕ್ ಜಾಝ್’. ಬದಲಾದದ್ದು ಒಂದೇ ಸಂಗತಿ. ಹಿಂದಿನ ಆಲ್ಬಂನಲ್ಲಿ ಅಲೆಕ್ಸ್ ಅಕುನ್ಯ ಮತ್ತು ಮನೋಲೊ ಬದ್ರೇನ ಅವರ ತಾಳವಾದ್ಯಗಳಿಗೆ ಮೀಸಲಾಗಿದ್ದ ‘ರುಂಬಾ ಮಾಮಾ’ದ ಜಾಗ ಇಲ್ಲಿ ಜಾವಿನುಲ್ ಅವರ ಪಾಲಿಗೆ ಹೋಗಿದೆ. ರಚನಕಾರರಾಗಿ ಶಾರ್ಟರ್ ಒಂದು ಹೆಜ್ಜೆಯೂ ಹಿಂದೆ ಸರಿದಿಲ್ಲ. ಎಣಿಕೆಗೆ ಸಿಗುವ ಇಷ್ಟು ಸರಳವಾದ ವಿಷಯವನ್ನೂ ಗಮನಿಸದೆ, ಕಾಣೆಯಾಗಿದ್ದಾರೆ ಎಂದು ಬರೆಯುವುದು ಸರಿಯೇ?

ಅವರು ಊದುವುದು ಕಡಿಮೆ ಎಂಬ ಮಾತನ್ನಾದರೆ ಒಪ್ಪುತ್ತೇನೆ. ‘ಹೆವಿ ವೆದರ್’ನ ‘ಎ ರಿಮಾರ್ಕ್ ಯು ಮೇಡ್’ನಲ್ಲಿ ಟೆನರ್ ಸ್ಯಾಕ್ಸೊಫೋನ್ ಎಳೆಎಳೆಯಾಗಿ ಹಾಡುವ ಹಾಗೆ ಹಾಡುವ ರಚನೆ ಈ ಆಲ್ಬಂನಲ್ಲಿ ಇಲ್ಲ. ಆದರೆ ಕಡಿಮೆ ನುಡಿಸುವುದು ಶಾರ್ಟರ್ ಅವರ ಮಟ್ಟಿಗೆ ಹೊಸದೇನೂ ಆಗಿರಲಿಲ್ಲ. 1967ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಐವರ ತಂಡದಲ್ಲಿದ್ದಾಗ ಅವರು ರಚಿಸಿದ ‘ನೆಫರ್ಟಿಟಿ’ಯನ್ನು ಕೇಳಿದವರಿಗೆ ಇದು ಗೊತ್ತು. ಅಲ್ಲಿ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ಮೂಲ ರಾಗವನ್ನೇ ಮತ್ತೆ ಮತ್ತೆ ನುಡಿಸುತ್ತವೆ. ಮನೋಧರ್ಮವೆಲ್ಲ ಪಿಯಾನೊ, ಬಾಸ್, ಡ್ರಮ್ಸ್ ನುಡಿಸುವವರದ್ದು. ಮುಂದೆ ನಿಂತವರು ಸುಮ್ಮನಿದ್ದು ಹಿಂದಿನವರಿಗೆ ಮಾತು ಬಿಟ್ಟುಕೊಡುವ ಆ ರೀತಿಯನ್ನು ಜಾಝ್ ರಸಿಕರು ಇಂದಿಗೂ ಕೊಂಡಾಡುತ್ತಾರೆ. ಹನ್ನೊಂದು ವರ್ಷಗಳ ಬಳಿಕ ಅದೇ ಮಿತಭಾಷೆಯನ್ನು ‘ದಿ ಎಲ್ಡರ್ಸ್’ನಲ್ಲಿ ಕೇಳಿದಾಗ ಮಾತ್ರ, ಅವರು ಉತ್ಸಾಹ ಕಳೆದುಕೊಂಡಿದ್ದಾರೆ ಎನ್ನುವುದು ನನಗೆ ಅರ್ಥವಾಗುವುದಿಲ್ಲ. ‘ದಿ ಎಲ್ಡರ್ಸ್’ ಆತುರವಿಲ್ಲದ ರಚನೆ. ಅದರ ರಾಗ ತುಂಡುತುಂಡಾಗಿ ಬರುತ್ತದೆ. ಒಂದು ತುಂಡಿಗೂ ಮುಂದಿನದಕ್ಕೂ ನಡುವಿನ ಬಿಡುವಿನಲ್ಲಿ ನಾದ ಕರಗಲು ಅವಕಾಶವಿದೆ. ನನ್ನ ಅಭಿಪ್ರಾಯದಲ್ಲಿ ಇಡೀ ಆಲ್ಬಂನಲ್ಲಿ ಅತ್ಯಂತ ಗಟ್ಟಿಯಾದ ಸಂಯೋಜನೆ ಅದು. ಪುರವಣಿಯ ಅಭಿಪ್ರಾಯಗಳಲ್ಲಿ ಅದರ ಹೆಸರು ಒಂದು ಬಾರಿಯೂ ಬಂದಿಲ್ಲ.

‘ಪಿನೋಕಿಯೊ’ ವಿಷಯ ಇನ್ನೂ ಕುತೂಹಲಕರವಾದದ್ದು. ಇದೂ ಡೇವಿಸ್ ತಂಡದವರು 1967ರಲ್ಲಿ ಧ್ವನಿಮುದ್ರಿಸಿ, ‘ನೆಫರ್ಟಿಟಿ’ ಎಂಬ ಹೆಸರಿನಲ್ಲೇ 1968ರಲ್ಲಿ ಹೊರಬಂದ ಆಲ್ಬಂನ ಕೊನೆಯ ರಚನೆ. ಆಗ ಡ್ರಮ್ಸ್ ನುಡಿಸಿದವರು ಟೋನಿ ವಿಲಿಯಮ್ಸ್. ಅದೇ ವಿಲಿಯಮ್ಸ್ ‘ಮಿಸ್ಟರ್ ಗಾನ್’ ಆಲ್ಬಂನಲ್ಲೂ ಅತಿಥಿಯಾಗಿ ಇದ್ದಾರೆ, ಆದರೆ ‘ಪಿನೋಕಿಯೊ’ವನ್ನು ನುಡಿಸಿದವರು ಅವರಲ್ಲ, ತಂಡಕ್ಕೆ ಆಗಷ್ಟೇ ಸೇರಿದ್ದ ಪೀಟರ್ ಅರ್ಸ್ಕಿನ್ ಎಂಬ ಯುವಕ. ಎರಡೂ ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿದರೆ ಹತ್ತು ವರ್ಷಗಳಲ್ಲಿ ಜಾಝ್ ಸಂಗೀತದ ನಾದ ಎಷ್ಟು ಬದಲಾಯಿತು ಎಂಬುದು ಪುಸ್ತಕ ಓದದೆಯೇ ತಿಳಿಯುತ್ತದೆ. ಮೊದಲಿನದರಲ್ಲಿ ಮರದ, ಹಿತ್ತಾಳೆಯ, ತೊಗಲಿನ ನಾದ. ಎರಡನೆಯದರಲ್ಲಿ ವಿದ್ಯುತ್ತಿನಿಂದ ಹುಟ್ಟಿದ ನಾದ. ಓಟ ಮಾತ್ರ ಅದೇ. ಮೂರು ನಿಮಿಷವೂ ತುಂಬದ ಈ ತುಣುಕಿನಲ್ಲಿ ತಂಡದವರು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ರಭಸವನ್ನು ಕೇಳಿದ ಮೇಲೂ, ಇದು ಜೀವವಿಲ್ಲದ ಆಲ್ಬಂ ಎನ್ನುವವರು ಆ ತುಣುಕನ್ನು ದಾಟಿಕೊಂಡು ಮುಂದೆ ಹೋಗಿರಬೇಕು.

ಎರಡನೆಯ ದೂರು ಸಿಂಥಸೈಜರ್‌ಗಳ, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್ ವಾದ್ಯಗಳ ಬಗ್ಗೆ. ಯಂತ್ರದ ಸದ್ದು ಮನುಷ್ಯರ ನುಡಿಸಾಣಿಕೆಯನ್ನು ಮುಚ್ಚಿಹಾಕಿದೆ ಎಂದು ಹಲವರು ಬರೆದಿದ್ದಾರೆ. ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಇದರಲ್ಲಿ ಕೇಳಿ ತಿಳಿದ ಸತ್ಯವೂ ಇದೆ. ಆದರೆ ಏನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಪ್ರಚಾರದಲ್ಲಿದ್ದ ಸಿಂಥಸೈಜರ್‌ಗಳಲ್ಲಿ ಹೆಚ್ಚಿನವು ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಯುವಂಥವು. ಜಾವಿನುಲ್ ಬಹಳ ಪ್ರೀತಿಸಿದ ಎಆರ್‌ಪಿ 2600 ಆ ಕಾಲದ ಉಪಕರಣ. ಅದರ ಕೀಲಿಮಣೆಯನ್ನೇ ತಿರುವುಮುರುವು ಮಾಡಿಕೊಂಡು, ಎಡಗಡೆ ತಾರ, ಬಲಗಡೆ ಮಂದ್ರ ಬರುವಂತೆ ಇಟ್ಟು ತಂಡದ ‘ಬ್ಲಾಕ್ ಮಾರ್ಕೆಟ್’ ರಚನೆಯ ರಾಗವನ್ನು ಕಂಡುಕೊಂಡವರು ಅವರು. ಕೈಗೆ ರೂಢಿಯಾದ ದಾರಿಯನ್ನು ಬೇಕೆಂದೇ ಕೆಡಿಸಿಕೊಂಡು ಹೊಸ ದಾರಿ ಹುಡುಕುವ ಅಂಥವರನ್ನು ಯಂತ್ರಕ್ಕೆ ಮಾರುಹೋದವರು ಎನ್ನಲು ಬರುವುದಿಲ್ಲ. ದಶಕದ ನಡುಭಾಗದಲ್ಲಿ ಓಬರ್ಹೈಮ್ ಸಂಸ್ಥೆಯ ಉಪಕರಣಗಳಂಥ, ಒಂದೇ ಸಲ ಹಲವು ಸ್ವರ ನುಡಿಯುವ ಸಿಂಥಸೈಜರ್‌ಗಳು ಬಂದವು. ಸ್ವರಮೇಳವನ್ನು, ಹಿತ್ತಾಳೆ ವಾದ್ಯಗಳ ಗುಂಪನ್ನು, ತಂತಿವಾದ್ಯಗಳ ಗುಂಪನ್ನು ಒಬ್ಬರೇ ಎರಡು ಕೈಗಳಲ್ಲಿ ಕಟ್ಟಬಹುದಾಯಿತು. ವಿಯೆನ್ನಾದಲ್ಲಿ ಹುಟ್ಟಿ, ವಾದ್ಯವೃಂದದ ನಾದವನ್ನು ಬಾಲ್ಯದಿಂದ ಕೇಳಿಕೊಂಡು ಬೆಳೆದ ಸಂಗೀತಗಾರರ ಕೈಗೆ ಒಂಟಿಯಾಗಿ ವಾದ್ಯವೃಂದ ಕಟ್ಟುವ ಸಾಧನ ಸಿಕ್ಕಿತು. ಅದರ ಫಲವೇ ‘ಮಿಸ್ಟರ್ ಗಾನ್’.

ಹಾಗಾಗಿ ಈ ಆಲ್ಬಂ ಕೇಳುವಾಗ ಕಚೇರಿಯ ನಿರೀಕ್ಷೆ ಇಟ್ಟುಕೊಂಡರೆ ನಿರಾಸೆ ಖಚಿತ. ಸ್ಟುಡಿಯೋದಲ್ಲಿ ಪದರದ ಮೇಲೆ ಪದರ ಹಾಕಿ ಕಟ್ಟಿದ ಬರಹದ ಸಂಗೀತ ಇದು. ಮೊದಲ ರಚನೆಯಾದ ‘ದಿ ಪರ್ಸ್ಯೂಟ್ ಆಫ್ ದಿ ವುಮನ್ ವಿತ್ ದಿ ಫೆದರ್ಡ್ ಹ್ಯಾಟ್’ನಲ್ಲಿ ಮನುಷ್ಯ ಕಂಠಗಳು, ತಾಳವಾದ್ಯಗಳು, ಸಿಂಥಸೈಜರ್‌ನ ಸಣ್ಣ ಸಣ್ಣ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡು ಒಂದೇ ಲಯದ ಸುತ್ತ ತಿರುಗುತ್ತವೆ. ಮುಂದೆ ನಿಂತು ನುಡಿಸುವವರು ಯಾರು, ಪಕ್ಕವಾದ್ಯದವರು ಯಾರು ಎಂದು ಗೆರೆ ಎಳೆಯಲು ಆಗುವುದಿಲ್ಲ. ಒಬ್ಬರ ಏಕಾಂಗಿ ನುಡಿಸಾಣಿಕೆಗೆ ಕಾದು ಕುಳಿತ ಕೇಳುಗರಿಗೆ ಇದು ಪೀಠಿಕೆಯಲ್ಲೇ ನಿಂತುಹೋದ ಹಾಗೆ ಕೇಳಿಸಬಹುದು. ಹೆಣಿಗೆಯನ್ನೇ ಕೇಳಲು ಕುಳಿತರೆ, ಪ್ರತಿ ಸುತ್ತಿನಲ್ಲೂ ಏನೋ ಒಂದು ಬದಲಾಗುತ್ತಿರುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಿಂಥಸೈಜರ್‌ನ ದಟ್ಟಣೆ ಎಲ್ಲ ಕಡೆಯೂ ಸಂಗೀತಕ್ಕೆ ಒಳಿತು ಮಾಡಿಲ್ಲ. ಕೊನೆಯ ರಚನೆ ‘ಆ್ಯಂಡ್ ದೆನ್’ನಲ್ಲಿ ಡೆನೀಸ್ ವಿಲಿಯಮ್ಸ್ ಮತ್ತು ‘ಅರ್ತ್, ವಿಂಡ್ ಆ್ಯಂಡ್ ಫೈರ್’ ಎಂಬ ತಂಡದ ಮಾರಿಸ್ ವೈಟ್ ಹಾಡಿದ್ದಾರೆ. ಇಬ್ಬರೂ ಅಸಾಧಾರಣ ಕಂಠದವರು. ಆ ಕಂಠಗಳಿಗೆ ಉಸಿರಾಡಲು ಬೇಕಾದಷ್ಟು ಜಾಗ ಅಲ್ಲಿ ಇಲ್ಲ. ಹಾಡು ಕಾವೇರುವ ಮೊದಲೇ ಆಲ್ಬಂ ಮುಗಿದುಹೋಗುತ್ತದೆ. ‘ರಿವರ್ ಪೀಪಲ್’ನ ಒಂದೇ ಸಮನಾದ ಡಿಸ್ಕೊ ನಡೆಯೂ ಸ್ಟುಡಿಯೋ ಆವೃತ್ತಿಯಲ್ಲಿ ನನಗೆ ಬೇಸರ ತರಿಸುತ್ತದೆ. ಆಲ್ಬಂ ಇಷ್ಟಪಡದವರು ಇವೆರಡನ್ನು ಹೆಸರಿಸಿ ಟೀಕಿಸಿದ್ದರೆ ಅವರ ಜೊತೆಗೆ ನಾನೂ ದನಿಗೂಡಿಸುತ್ತಿದ್ದೆ.

ತಂಡವಾಗಿ ಒಟ್ಟಿಗೆ ನುಡಿಸಿದಂತೆ ಕೇಳಿಸುವುದಿಲ್ಲ ಎಂಬ ಮೂರನೆಯ ಮಾತು ಇದೆಯಲ್ಲ, ಅದು ಈ ಮೂರರಲ್ಲಿ ಹೆಚ್ಚು ತೂಕವಾದದ್ದು. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ವೆದರ್ ರಿಪೋರ್ಟ್ ತಂಡ ಶುರುವಾದಾಗಿನಿಂದ ಡ್ರಮ್ಸ್ ಮುಂದಿನ ಆಸನದಲ್ಲಿ ಯಾರೂ ಬಹಳ ಕಾಲ ನಿಂತವರಲ್ಲ. 1971ರ ಮೊದಲ ಆಲ್ಬಂನಲ್ಲಿ ಆಲ್ಫಾನ್ಸ್ ಮೂಝಾನ್, ಮರುವರ್ಷ ಎರಿಕ್ ಗ್ರಾವಟ್, 1974ರಲ್ಲಿ ಇಶ್ಮಾಯೆಲ್ ವಿಲ್ಬರ್ನ್, 1975ರಲ್ಲಿ ಎನ್‌ಡುಗು ಚಾನ್ಸ್‌ಲರ್, 1976ರ ‘ಬ್ಲಾಕ್ ಮಾರ್ಕೆಟ್’ನಲ್ಲಿ ಚೆಸ್ಟರ್ ಥಾಂಪ್ಸನ್ ಮತ್ತು ನಾರದ ಮೈಕೆಲ್ ವಾಲ್ಡನ್, 1977ರಲ್ಲಿ ಅಲೆಕ್ಸ್ ಅಕುನ್ಯ. ಅಕುನ್ಯ ಮತ್ತು ಬದ್ರೇನ ತಂಡ ಬಿಟ್ಟ ಮೇಲೆ, ‘ಮಿಸ್ಟರ್ ಗಾನ್’ನ ಕೆಲಸ ನಡೆಯುವಾಗ ತಂಡಕ್ಕೆ ಖಾಯಂ ಡ್ರಮ್ಮರ್ ಇರಲೇ ಇಲ್ಲ. ಟೋನಿ ವಿಲಿಯಮ್ಸ್ ಬಂದರು, ಸ್ಟೀವ್ ಗ್ಯಾಡ್ ಬಂದರು, ಕೆಲವೆಡೆ ಜಾಕೊ ತಾವೇ ಡ್ರಮ್ಸ್ ಮುಂದೆ ಕುಳಿತರು, ಕೊನೆಗೆ ಅರ್ಸ್ಕಿನ್ ಬಂದು ನೆಲೆನಿಂತರು. ಅರ್ಸ್ಕಿನ್ ಅಲ್ಲಿಗೆ ಬರುವ ಮೊದಲು ಸ್ಟಾನ್ ಕೆಂಟನ್ ಮತ್ತು ಮೇನಾರ್ಡ್ ಫರ್ಗುಸನ್ ಅವರ ದೊಡ್ಡ ವಾದ್ಯವೃಂದಗಳಲ್ಲಿ ನುಡಿಸಿ ಪಳಗಿದವರು. ಒಂದೇ ಆಲ್ಬಂನಲ್ಲಿ ಇಷ್ಟು ಕೈಗಳು ಲಯವನ್ನು ಹಿಡಿದಾಗ, ಒಂದು ರಚನೆಯ ನಡೆ ಮತ್ತೊಂದಕ್ಕೆ ಹೊಂದದಿರುವುದು ಸಹಜ. ಬೇರೆ ಬೇರೆ ಅಡುಗೆಯವರು ಒಂದೊಂದು ಬಗೆ ಮಾಡಿಟ್ಟ ಊಟದಂತೆ ಉಪ್ಪುಖಾರದ ಹದ ಬದಲಾಗುತ್ತಲೇ ಇರುತ್ತದೆ. ಕೇಳುಗರ ಕಿವಿ ಇದನ್ನು ಸರಿಯಾಗಿಯೇ ಹಿಡಿದಿದೆ.

ಆದರೆ ಈ ಕೊರತೆಯಿಂದಲೇ ಒಂದು ಲಾಭವೂ ಆಗಿದೆ ಎಂಬುದನ್ನು ಯಾರೂ ಬರೆದಿಲ್ಲ. ಶೀರ್ಷಿಕೆಯ ರಚನೆಯಾದ ‘ಮಿಸ್ಟರ್ ಗಾನ್’ನಲ್ಲಿ ಬಾಸ್ ಸಾಲನ್ನು ಜಾವಿನುಲ್ ಕೀಬೋರ್ಡ್‌ನಲ್ಲಿ ನಡೆಸುತ್ತಾರೆ. ಹಳೆಯ ಜಾಝ್‌ನ ಬಾಸ್ ಹೆಜ್ಜೆ ಹಾಕುತ್ತಾ ನಡೆಯುವ ಧಾಟಿಯೇ ಅದು, ನಾದ ಮಾತ್ರ ಬೇರೆ ಲೋಕದ್ದು. ಅದರ ಎದುರು ಟೋನಿ ವಿಲಿಯಮ್ಸ್ ಅವರ ಡ್ರಮ್ಸ್. ಹದಿಹರೆಯದಲ್ಲೇ ಮೈಲ್ಸ್ ಡೇವಿಸ್ ತಂಡಕ್ಕೆ ಸೇರಿ, ಜಾಝ್ ಡ್ರಮ್ಸ್ ನುಡಿಸುವ ಕ್ರಮವನ್ನೇ ಬದಲಿಸಿದ ಕೈ ಅದು. ಸಿಂಥಸೈಜರ್‌ನ ಗಡಸು ನಡೆಯ ಜೊತೆಗೆ ಅವರು ಎಲ್ಲಿ ಕೂಡುತ್ತಾರೆ, ಎಲ್ಲಿ ಬಿಡುತ್ತಾರೆ, ಯಾವ ಮಾತ್ರೆಯನ್ನು ಖಾಲಿ ಬಿಟ್ಟು ಮುಂದಿನದರ ಮೇಲೆ ಒತ್ತು ಹಾಕುತ್ತಾರೆ ಎಂಬುದನ್ನು ಕೇಳಿದರೆ, ಯಂತ್ರ ಮತ್ತು ಮನುಷ್ಯ ಮುಖಾಮುಖಿಯಾದಾಗ ಸಂಗೀತಕ್ಕೆ ಏನು ಸಿಗಬಹುದು ಎಂಬುದಕ್ಕೆ ಅದೇ ಉತ್ತರ. ಖಾಯಂ ಡ್ರಮ್ಮರ್ ಇದ್ದಿದ್ದರೆ ಈ ಭೇಟಿಯೇ ನಡೆಯುತ್ತಿರಲಿಲ್ಲ.

‘ಪಂಕ್ ಜಾಝ್’ನ ಆರಂಭವೂ ಅಂಥದ್ದೇ. ಜಾಕೊ ಮತ್ತು ವಿಲಿಯಮ್ಸ್ ಇಬ್ಬರೂ ಒಮ್ಮೆಗೇ ಓಟ ಕೀಳುತ್ತಾರೆ. ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು (ಫ್ರೆಟ್) ಕಿತ್ತು ನುಣುಪು ಮಾಡಿದ ಜಾಕೊ ಅವರ ಬಾಸ್ ಗಿಟಾರ್‌ನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಸಾಧ್ಯ. ಅದಕ್ಕೇ ಅವರ ಬಾಸ್ ತಾಳಕ್ಕೆ ಕಟ್ಟುಬಿದ್ದ ವಾದ್ಯವಾಗಿ ಉಳಿಯದೆ ಹಾಡುವ ಕಂಠವಾಗುತ್ತದೆ. ಆ ಓಟ ಇದ್ದಕ್ಕಿದ್ದಂತೆ ನಿಂತು, ವಿಸ್ತಾರವಾದ ಸ್ವರಮೇಳವೊಂದು ತೆರೆದುಕೊಂಡು, ಬಳಿಕ ಶಾರ್ಟರ್ ನಿಧಾನಗತಿಯ ರಾಗದೊಂದಿಗೆ ಒಳಗೆ ಬರುತ್ತಾರೆ. ಐದು ನಿಮಿಷದ ಆಸುಪಾಸಿನಲ್ಲಿ ಮೂರು ಬೇರೆ ಬೇರೆ ಭಾವಗಳು. ಇದನ್ನು ‘ಹವೋನ’ದ ಜೊತೆ ಹೋಲಿಸಿ, ಅಲ್ಲಿನ ಹಾಗೆ ಜಾಕೊ ಉದ್ದಕ್ಕೂ ಬೆರಗು ಹುಟ್ಟಿಸುವುದಿಲ್ಲ ಎಂದು ಒಬ್ಬ ಕೇಳುಗರು ಬರೆದಿದ್ದಾರೆ. ಬೆರಗು ಹುಟ್ಟಿಸುವುದು ಕಲಾವಿದರು ಮಾಡಬಹುದಾದ ಕೆಲಸಗಳಲ್ಲಿ ಒಂದು ಮಾತ್ರ. ಇಪ್ಪತ್ತಾರು, ಇಪ್ಪತ್ತೇಳರ ಹರೆಯದಲ್ಲಿ ತನ್ನ ಬೆರಳುಗಳ ವೇಗವನ್ನು ಅರ್ಧಕ್ಕೆ ತಡೆದು, ರಾಗವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಸಂಯೋಜಕರನ್ನು ಇಲ್ಲಿ ಕಾಣುತ್ತೇವೆ, ಅದು ನನಗೆ ಹೆಚ್ಚಿನ ಸಾಧನೆಯೆಂದು ತೋರುತ್ತದೆ.

ಸಂಯೋಜನೆ ಬೇರೆ, ಅದನ್ನು ಸ್ಟುಡಿಯೋದಲ್ಲಿ ಕಟ್ಟಿದ ರೀತಿ ಬೇರೆ ಎಂಬುದನ್ನು ಪರೀಕ್ಷಿಸಲು ಒಂದು ಒಳ್ಳೆಯ ದಾರಿ ಇದೆ. 1978ರಲ್ಲಿ ಜರ್ಮನಿಯ ಆಫೆನ್‌ಬಾಖ್‌ನಲ್ಲಿ ಈ ತಂಡ ನಡೆಸಿದ ಕಚೇರಿಯ ಧ್ವನಿಮುದ್ರಣ ಬಹಳ ವರ್ಷಗಳ ಬಳಿಕ ಬಿಡುಗಡೆಯಾಗಿದೆ. ಜಾವಿನುಲ್, ಶಾರ್ಟರ್, ಜಾಕೊ, ಅರ್ಸ್ಕಿನ್, ಈ ನಾಲ್ವರು ಬಿಟ್ಟರೆ ವೇದಿಕೆಯ ಮೇಲೆ ಮತ್ತಾರೂ ಇಲ್ಲ. ‘ಯಂಗ್ ಆ್ಯಂಡ್ ಫೈನ್’, ‘ರಿವರ್ ಪೀಪಲ್’ ಮುಂತಾದ ‘ಮಿಸ್ಟರ್ ಗಾನ್’ನ ರಚನೆಗಳನ್ನು ಅವರು ಅಲ್ಲಿ ನುಡಿಸಿದ್ದಾರೆ. ಪದರಗಳೆಲ್ಲ ಕಳಚಿ, ಎಲುಬು ಮಾತ್ರ ಉಳಿದ ಸ್ಥಿತಿಯಲ್ಲೂ ಆ ರಚನೆಗಳು ನೆಟ್ಟಗೆ ನಿಲ್ಲುತ್ತವೆ. ಸ್ಟುಡಿಯೋದಲ್ಲಿ ನನಗೆ ಬೇಸರ ತರಿಸಿದ ‘ರಿವರ್ ಪೀಪಲ್’ ಕೂಡ ಒಬ್ಬನೇ ಡ್ರಮ್ಮರ್‌ನ ಕೈಯಲ್ಲಿ ಬೇರೆಯೇ ಆಗುತ್ತದೆ. ಅಂದರೆ ಆಲ್ಬಂ ಕೇಳಿದವರಿಗೆ ಆದ ಅಸಮಾಧಾನದ ಒಂದು ಪಾಲು ಧ್ವನಿಮುದ್ರಣದ ಕ್ರಮಕ್ಕೆ ಸೇರಿದ್ದು, ರಚನೆಗಳಿಗೆ ಸೇರಿದ್ದಲ್ಲ. ವಿಮರ್ಶೆ ಈ ಎರಡನ್ನು ಬೇರ್ಪಡಿಸಿ ಹೇಳಿದರೆ ಓದುವವರಿಗೆ ಎಷ್ಟೋ ಉಪಕಾರವಾಗುತ್ತದೆ.

ಇದಕ್ಕೆ ವಿರುದ್ಧವಾಗಿ ವಾದಿಸುವವರಿಗೂ ಒಂದು ಬಲವಾದ ಸಾಕ್ಷ್ಯವಿದೆ ಎಂಬುದನ್ನು ಮುಚ್ಚಿಡಲಾರೆ. ಅದೇ ನಾಲ್ವರು 1979ರಲ್ಲಿ ‘8:30’ ಎಂಬ ಜೋಡಿ ಆಲ್ಬಂ ತಂದರು. ಅದರ ಬಹುಪಾಲು ಕಚೇರಿಗಳ ಧ್ವನಿಮುದ್ರಣ. ‘ಬ್ಲಾಕ್ ಮಾರ್ಕೆಟ್’, ‘ಟೀನ್ ಟೌನ್’, ‘ಎ ರಿಮಾರ್ಕ್ ಯು ಮೇಡ್’, ‘ಬರ್ಡ್‌ಲ್ಯಾಂಡ್’ ಎಲ್ಲವೂ ಅಲ್ಲಿವೆ. ಆಗಷ್ಟೇ ಹೊರಬಂದಿದ್ದ ‘ಮಿಸ್ಟರ್ ಗಾನ್’ನ ಒಂದು ರಚನೆಯೂ ಇಲ್ಲ. ‘8:30’ ಆಲ್ಬಂಗೆ ಜಾಝ್ ಫ್ಯೂಷನ್ ವಿಭಾಗದ ಗ್ರಾಮಿ ಪ್ರಶಸ್ತಿ ಬಂತು. ತಂಡದವರೇ ತಮ್ಮ ಇತ್ತೀಚಿನ ರಚನೆಗಳನ್ನು ಬದಿಗಿಟ್ಟರಲ್ಲ ಎಂದು ಕೇಳಿದರೆ, ಜನ ಬಲ್ಲ, ಜನ ಬಯಸುವ ರಚನೆಗಳನ್ನು ಕಚೇರಿಯ ಆಲ್ಬಂಗೆ ಆಯ್ದುಕೊಳ್ಳುವುದು ಎಲ್ಲ ತಂಡಗಳೂ ಮಾಡುವ ಕೆಲಸ ಎಂದಷ್ಟೇ ನಾನು ಹೇಳಬಲ್ಲೆ. ಈ ಉತ್ತರ ಎಲ್ಲರಿಗೂ ಸಮಾಧಾನ ಕೊಡದೆಯೂ ಇರಬಹುದು.

ಹೊಗಳಿಕೆಯ ಕಡೆಯಿಂದಲೂ ತೊಂದರೆ ಇದೆ. ಆಲ್ಬಂ ಮೆಚ್ಚಿದವರು ಬರೆದ ಸಾಲುಗಳಲ್ಲಿ ಕಾಲಕ್ಕಿಂತ ಮುಂದಿದ್ದ ಆಲ್ಬಂ ಎಂಬ ಮಾತು ಮತ್ತೆ ಮತ್ತೆ ಬಂದಿದೆ. ಕಾಲಕ್ಕಿಂತ ಮುಂದೆ ಇತ್ತು ಎಂದರೆ ಏನು ಮುಂದಿತ್ತು? ಸ್ಟುಡಿಯೋವನ್ನೇ ವಾದ್ಯವಾಗಿ ಬಳಸುವುದೋ, ಕೀಬೋರ್ಡ್‌ನಿಂದ ಬಾಸ್ ನಡೆಸುವುದೋ, ಕಂಠಗಳನ್ನು ಸಾಹಿತ್ಯವಿಲ್ಲದೆ ನಾದವಾಗಿ ಹೆಣೆಯುವುದೋ? ಇವುಗಳಲ್ಲಿ ಮೊದಲನೆಯದನ್ನು ಅದೇ ಜಾವಿನುಲ್ ಮತ್ತು ಶಾರ್ಟರ್ ಇಬ್ಬರೂ ಪಾಲ್ಗೊಂಡಿದ್ದ ಮೈಲ್ಸ್ ಡೇವಿಸ್ ಅವರ ‘ಬಿಚಸ್ ಬ್ರೂ’ 1970ರಲ್ಲೇ ಮಾಡಿ ತೋರಿಸಿತ್ತು. ಧ್ವನಿಸುರುಳಿಯನ್ನು ಕತ್ತರಿಸಿ ಜೋಡಿಸಿ ರಚನೆಗೆ ರೂಪ ಕೊಡುವ ಕೆಲಸ ಅಲ್ಲಿ ನಡೆದಿತ್ತು. ಆ ಆಲ್ಬಂ ಬಂದಾಗಲೂ ಜಾಝ್ ಪ್ರಿಯರು ಎರಡು ಪಾಳಯವಾಗಿ ಜಗಳವಾಡಿದ್ದರು. ಮೆಚ್ಚುಗೆಯ ಮಾತಿಗೂ ಕಾರಣ ಬೇಕು. ಇಲ್ಲವಾದರೆ ಅದು ಆ ಒಂದು ನಕ್ಷತ್ರಕ್ಕೆ ಎದುರಾಗಿ ಐದು ನಕ್ಷತ್ರ ಎತ್ತಿ ಹಿಡಿದಂತಾಗುತ್ತದೆಯೇ ಹೊರತು, ಕೇಳುವವರಿಗೆ ದಾರಿ ತೋರಿಸಿದಂತಾಗುವುದಿಲ್ಲ.

‘ಹೆವಿ ವೆದರ್’ ಜೊತೆಗಿನ ಹೋಲಿಕೆಯನ್ನು ಪೂರ್ತಿ ಬಿಡಿ ಎಂದು ನಾನು ಕೇಳುತ್ತಿಲ್ಲ. ‘ಬರ್ಡ್‌ಲ್ಯಾಂಡ್’ನಂಥ ರಚನೆಯ ಮುಂದೆ ಯಾವ ಮುಂದಿನ ಆಲ್ಬಂಗೂ ಕಷ್ಟವೇ. ಸಿಂಥಸೈಜರ್‌ನ ಬಾಸ್ ಸಾಲಿನೊಂದಿಗೆ ತೆರೆದುಕೊಂಡು, ಜಾಕೊ ಅವರ ಬಾಸ್ ಗಿಟಾರ್‌ನ ಹಾರ್ಮಾನಿಕ್ಸ್‌ನಲ್ಲಿ (ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸುವ ತೆಳುವಾದ ಸ್ವರಗಳಲ್ಲಿ) ರಾಗ ಕೇಳಿಸಿಕೊಂಡು, ಒಂದೊಂದೇ ಭಾಗ ಸೇರಿ ಕೊನೆಗೆ ಎಲ್ಲರೂ ಗುನುಗುವ ಪಲ್ಲವಿಯಾಗಿ ನಿಲ್ಲುವ ಆ ರಚನೆಗೆ ಜಾನ್ ಹೆಂಡ್ರಿಕ್ಸ್ ಸಾಹಿತ್ಯ ಬರೆದು, ಮ್ಯಾನ್‌ಹಟನ್ ಟ್ರಾನ್ಸ್‌ಫರ್ ಗಾಯನ ತಂಡ 1979ರಲ್ಲಿ ಹಾಡಿತು. ಜಾಝ್ ಕೇಳದವರೂ ಅದನ್ನು ಬಲ್ಲರು. ‘ಹೆವಿ ವೆದರ್’ ಆಲ್ಬಂ ಅಮೆರಿಕದಲ್ಲಿ ಗೋಲ್ಡ್ ಮಾನ್ಯತೆ ಪಡೆಯುವಷ್ಟು ಮಾರಾಟವಾಯಿತು. ಅಷ್ಟು ದೊಡ್ಡ ಗೆಲುವಿನ ಬಳಿಕ ಇನ್ನೊಂದು ‘ಬರ್ಡ್‌ಲ್ಯಾಂಡ್’ ಬರೆದು ನೆಮ್ಮದಿಯಾಗಿರಲು ಎಲ್ಲ ಅವಕಾಶವಿದ್ದ ತಂಡ, ಅದರ ಬದಲು ‘ದಿ ಎಲ್ಡರ್ಸ್’ ಮತ್ತು ‘ಮಿಸ್ಟರ್ ಗಾನ್’ನಂಥ ಸುಲಭಕ್ಕೆ ಒಲಿಯದ ರಚನೆಗಳನ್ನು ಮುಂದಿಟ್ಟಿತು. ಅದನ್ನು ಅವನತಿ ಎಂದು ಕರೆಯುವ ಮೊದಲು ಕೇಳುಗರು ಅರೆಕ್ಷಣ ಯೋಚಿಸಬೇಕೆಂದು ನನ್ನ ಕಳಕಳಿಯ ಮನವಿ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಇಂಥ ಆಲ್ಬಂ ಒಂದರ ಕುರಿತು ಕೇಳುಗರಿಂದ ಅಭಿಪ್ರಾಯ ಕೇಳುವಾಗ, ಕನಿಷ್ಠ ಎರಡು ರಚನೆಗಳನ್ನು ಹೆಸರಿಸಿ, ಅವುಗಳಲ್ಲಿ ಕೇಳಿಸಿದ್ದೇನು ಎಂದು ಬರೆಯಲು ಸೂಚಿಸಬೇಕು. ಅಂಕಗಳನ್ನು ಕೊಡಲೇಬೇಕೆಂದಿದ್ದರೆ ಆಲ್ಬಂಗೆ ಬದಲು ರಚನೆಗಳಿಗೆ ಕೊಡಲಿ. ಯಾರು ಯಾವ ವಾದ್ಯ ನುಡಿಸಿದ್ದಾರೆ, ರಚನೆ ಯಾರದು ಎಂಬ ವಿವರವನ್ನು ಅಭಿಪ್ರಾಯಗಳ ಪಕ್ಕದಲ್ಲಿ ಒಂದು ಚೌಕಟ್ಟಿನಲ್ಲಿ ಅಚ್ಚು ಹಾಕಿದರೆ, ಶಾರ್ಟರ್ ಕಾಣೆಯಾದರು ಎಂಬಂಥ ಮಾತುಗಳು ತಾವಾಗಿ ಕಡಿಮೆಯಾಗುತ್ತವೆ. ರಚನೆಗಳನ್ನು ಎಲ್‌ಪಿಯಲ್ಲಿದ್ದ ಕ್ರಮದಲ್ಲೇ ಕೇಳುವಂತೆಯೂ ಓದುಗರಿಗೆ ಹೇಳಬಹುದು. ‘ದಿ ಎಲ್ಡರ್ಸ್’ನ ನಿಧಾನದೊಂದಿಗೆ ಮೊದಲ ಬದಿ ಮುಗಿದು, ತಟ್ಟೆ ತಿರುವಿ ಹಾಕಿದ ಕೂಡಲೇ ಶೀರ್ಷಿಕೆ ರಚನೆಯ ಬಾಸ್ ನಡೆಯಲು ಶುರುವಾಗುವ ಜೋಡಣೆಯ ಹಿಂದೆ ಒಂದು ಯೋಚನೆಯಿದೆ, ಹಿಂದುಮುಂದಾಗಿ ಕೇಳಿದರೆ ಅದು ಕೈತಪ್ಪುತ್ತದೆ.

ಪುರವಣಿಯಲ್ಲಿ ಈ ಆಲ್ಬಂಗೆ ಇನ್ನೊಮ್ಮೆ ಸ್ಥಳ ಸಿಗುವುದಾದರೆ, ‘ಪಿನೋಕಿಯೊ’ದ 1967ರ ಮತ್ತು 1978ರ ಎರಡೂ ಧ್ವನಿಮುದ್ರಣಗಳನ್ನು ಕೇಳಿ ಬರೆಯುವಂತೆ ಓದುಗರನ್ನು ಆಹ್ವಾನಿಸಬೇಕೆಂದು ಕೋರುತ್ತೇನೆ. ಎರಡನ್ನೂ ಕೇಳಲು ಹತ್ತು ನಿಮಿಷವೂ ಹಿಡಿಯುವುದಿಲ್ಲ. ವಿದ್ಯುತ್ ವಾದ್ಯಗಳು ಜಾಝ್‌ನಿಂದ ಏನನ್ನು ಕಿತ್ತುಕೊಂಡವು, ಏನನ್ನು ಕೊಟ್ಟವು ಎಂಬ ಬಗ್ಗೆ ಆಗ ಬರುವ ಪತ್ರಗಳನ್ನು ಓದಲು ನಾನು ಕಾತರನಾಗಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ